ಬಡಿಸಿಕೊಂಡು ಉಣ್ಣುವ ದಿನ



ಹೋದ ಸಂಚಿಕೆಯಲ್ಲಿ ಹಪ್ಪಳ-ಸಂಡಿಗೆಯ ಮಾತಾಡಿದ್ದೆವು. ಈ ಸಲ ಒಲೆ ಹಚ್ಚುವ ಮಾತಲ್ಲ, ಒಲೆ ಆರಿಸಿ ಹೊರಗೆ ಹೋಗುವ ಮಾತು. ಓದುವ ಮೊದಲೇ ಮೂಗು ಮುರಿಯಬೇಡಿ. ಮೊದಲು ನಾನೂ ಮೂಗು ಮುರಿದವಳೇ!

ಕೊಪ್ಪಳದ ನಮ್ಮ ಓಣಿಯಲ್ಲಿ ನಾವು ನಾಲ್ವರು ಗೆಳತಿಯರು. ಎಲ್ಲರಿಗಿಂತ ಹಿರಿಯಳು ದೊಡ್ಡಕ್ಕ, ಮೊಮ್ಮಕ್ಕಳನ್ನು ಕಂಡಾಕೆ. ಇನ್ನೊಬ್ಬಳು ಕಿರಾಣಿ ಅಂಗಡಿ ಮನೆಯಾಕೆ. ಮತ್ತೊಬ್ಬಳು ಮನೆಯಲ್ಲೇ ಹೊಲಿಗೆ ಮಷಿನ್ನು ಇಟ್ಟುಕೊಂಡು ಓಣಿಯವರ ಜಂಪರು ಹೊಲಿಯುವಾಕೆ. ನಾಲ್ಕನೆಯವಳು ನಾನು. 2023ರ ಜೂನ್ 11ರಿಂದ ಹೆಂಗಸರಿಗೆ ಸಾದಾ ಸರಕಾರಿ ಬಸ್ಸಿನಲ್ಲಿ ಟಿಕೀಟಿಗೆ ದುಡ್ಡಿಲ್ಲ ಅಂತ ಆಯಿತಲ್ಲ, ಅವತ್ತಿನಿಂದ ನಮ್ಮ ಕಾಲಿಗೂ ಚಕ್ರ ಬಂತು. ಹುಲಿಗಿ, ಅಂಜನಾದ್ರಿ, ಎಲ್ಲ ನೋಡಿ ಬಂದೆವು. ಎಲ್ಲಾ ದೇವರ ಕೆಲಸ, ಹಾಗಾಗಿ ಮನೆಯಲ್ಲಿ ಯಾರದೂ ತಕರಾರಿಲ್ಲ.

ಒಂದು ಹುಣ್ಣಿಮೆ ದಿನ ಹುಲಿಗೆಮ್ಮನ ದರ್ಶನಕ್ಕೆ ಪಾಳಿ ಬಹಳ ಉದ್ದವಿತ್ತು. ಹೊರಗೆ ಬಂದಾಗ ಮಧ್ಯಾಹ್ನ ಮೂರು ಗಂಟೆ. ತಂದ ಬುತ್ತಿ ಮುಗಿದಿತ್ತು, ಬಸ್ಸಿನ ಸುದ್ದಿ ಇಲ್ಲ. ಎದುರಿಗೇ ಹೋಟೆಲು, ದೋಸೆಯ ವಾಸನೆ ಘಮ್ಮಂತ ಬರ್ತಿದೆ. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂತೆವು.

"ಗಂಡಸ್ರಿಲ್ಲದ ಹ್ಯಾಂಗ ಹೋಗೋದ್ರೀ?" ಅಂದಳು ಅಂಗಡಿ ಮನೆಯಾಕೆ.

"ಯಾಕ, ನಮ್ಮನ್ನೇ ಕರಿದು ತಿಂತಾರೇನು?" ಅಂದಳು ದೊಡ್ಡಕ್ಕ.

ನಕ್ಕೆವು. ಆದರೆ ಯಾರೂ ಏಳಲಿಲ್ಲ. ಎರಡೆರಡು ಬಾಳೆಹಣ್ಣು ತಿಂದು, ಬಸ್ಸು ಹಿಡಿದು ಮನೆಗೆ ಬಂದೆವು. ಬಂದವಳೇ ನಾನು ಸೆರಗು ಸಿಕ್ಕಿಸಿ ಒಲೆ ಹಚ್ಚಿದೆ. ಕೈಯಲ್ಲಿ ದುಡ್ಡಿತ್ತು, ಹೊಟ್ಟೆಯಲ್ಲಿ ಹಸಿವಿತ್ತು, ಎದುರಿಗೆ ಊಟವಿತ್ತು. ಇಲ್ಲದಿದ್ದುದು ಧೈರ್ಯ ಒಂದೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ ನೋಡಿ.

ಮರುದಿನ ದೊಡ್ಡಕ್ಕ ಖಾಲಿ ಬಿಸ್ಕೀಟಿನ ಡಬ್ಬಿ ತಂದಿಟ್ಟಳು. ತಿಂಗಳಿಗೆ ತಲಾ 150 ರೂಪಾಯಿ ಅದರಲ್ಲಿ ಹಾಕಬೇಕು. ತಿಂಗಳಿಗೊಂದು ಸಲ, ಹೊಸದಾಗಿ ತೆರೆದ ಒಂದು ಹೋಟೆಲಿಗೆ ಹೋಗಬೇಕು: ಒಮ್ಮೆ ಕೊಪ್ಪಳ, ಒಮ್ಮೆ ಗಂಗಾವತಿ, ಒಮ್ಮೆ ಕುಷ್ಟಗಿ, ಒಮ್ಮೆ ಯಲಬುರ್ಗಾ. ಕರಾರು ಮೂರು. ಯಾರೂ ಇನ್ನೊಬ್ಬರ ದುಡ್ಡು ಕೊಡುವಂತಿಲ್ಲ. ಮನೆಗೆ ಪಾರ್ಸಲ್ ಕಟ್ಟಿಸುವಂತಿಲ್ಲ. ತನಗೆ ಬೇಕಾದ್ದನ್ನು ತಾನೇ ಬಾಯಿ ಬಿಟ್ಟು ಹೇಳಬೇಕು. ಮೂರನೆಯದು ಎಲ್ಲಕ್ಕಿಂತ ಸುಲಭ ಅಂತ ನಾವು ತಿಳಿದಿದ್ದೆವು.

ಮೊದಲ ಪಾಳಿ ಗಂಗಾವತಿಯದು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಆದ ಮೇಲೆ ಕಾಲುವೆ ನೀರು ಬಂದು ಆ ಸೀಮೆ ಭತ್ತದ ಕಣಜವಾಯಿತು. ಆಂಧ್ರದ ಕಡೆಯ ರೈತರು ಬಂದು ಕ್ಯಾಂಪುಗಳಲ್ಲಿ ನೆಲೆಸಿದರು. ಅವರ ಜೊತೆಗೆ ಅವರ ಊಟವೂ ಬಂತು. ನಾವು ಹೋದದ್ದೂ ಅಂಥ ಒಂದು ಹೊಸ ಊಟದ ಹೋಟೆಲಿಗೇ. ಬಾಗಿಲಲ್ಲಿ ಕಾಲು ತಡೆಯಿತು, ದೊಡ್ಡಕ್ಕನೇ ಮುಂದಾದಳು. ಸಪ್ಲಾಯರ್ ಹುಡುಗ ಬಂದು ಕೇಳಿದ, "ಏನ್ ಕೊಡ್ಲಿರೀ ಅಕ್ಕಾರ?"

ಮೂವರೂ ಹೇಳಿದೆವು. ಹೊಲಿಗೆಯಾಕೆ ಸುಮ್ಮನಿದ್ದಳು. ಹುಡುಗ ಮತ್ತೆ ಕೇಳಿದ.

"ನಮ್ಮನ್ಯಾಗ ಅವರಿಗೆ ಪೂರಿ ಸೇರತೈತ್ರಿ," ಅಂದಳು.

"ಅವರು ಬಂದಿಲ್ಲವಾ ತಂಗಿ, ನೀ ಬಂದೀದಿ. ನಿನಗೇನು ಸೇರತೈತಿ?" ಅಂದಳು ದೊಡ್ಡಕ್ಕ.

ಅವಳು ಬಹಳ ಹೊತ್ತು ಮೇಜು ನೋಡುತ್ತಾ ಕೂತಳು. ಆಮೇಲೆ, "ನಂಗೊತ್ತಿಲ್ಲಕ್ಕ," ಅಂದವಳ ಕಣ್ಣು ತುಂಬಿ ಬಂತು. ಮದುವೆಯಾಗಿ ಇಪ್ಪತ್ತೆರಡು ವರ್ಷ. ಗಂಡನಿಗೆ ಏನು ಸೇರುತ್ತದೆ, ಮಾವನಿಗೆ ಯಾವುದು ಆಗದು, ಮಕ್ಕಳು ಯಾವ ಕಾಯಿಪಲ್ಲೆ ತಟ್ಟೆಯ ಅಂಚಿಗೆ ಸರಿಸುತ್ತಾರೆ, ಎಲ್ಲ ಬಾಯಿಪಾಠ. ತನ್ನದು ಮಾತ್ರ ಗೊತ್ತಿಲ್ಲ. ನಿಜ ಹೇಳಲೇ? ನಾನು ಅನ್ನ-ಸಾರು ಹೇಳಿದ್ದೂ ಗೊತ್ತಿದ್ದು ಹೇಳಿದ್ದಲ್ಲ, ಬಾಯಿಗೆ ಬಂದದ್ದು ಹೇಳಿದ್ದೆ.

ಅಷ್ಟರಲ್ಲಿ ಊಟ ಬಂತು. ಎಲೆಯ ತುದಿಗೆ ಗೋಂಗುರ ಚಟ್ನಿ. ಬಹಳ ವಿಶೇಷ ಅಂತ ಹುಡುಗ ಹೇಳಿ ಹೋದ. ದೊಡ್ಡಕ್ಕ ನಾಲಿಗೆಗೆ ಹಚ್ಚಿಕೊಂಡವಳೇ, "ಅಯ್ಯ, ಇದು ನಮ್ಮ ಪುಂಡಿಪಲ್ಲೆ!" ಅಂತ ಕೂಗಿದಳು. ಹೌದು, ನಮ್ಮ ಹೊಲದ ಪುಂಡಿಯೇ ಅಲ್ಲಿ ಗೋಂಗುರ. ಹೊಲಿಗೆಯಾಕೆಯೂ ಕಣ್ಣೊರೆಸಿಕೊಂಡು ನಕ್ಕಳು. ಅವತ್ತು ನಾಲ್ವರೂ ಎರಡೆರಡು ಸಲ ಅನ್ನ ಹಾಕಿಸಿಕೊಂಡೆವು.

ಎಲ್ಲ ಕಡೆ ಹೀಗೇ ಆಯಿತು ಅಂತಲ್ಲ. ಊರು-ಹೆಸರು ಬೇಡ, ಒಂದು ಕಡೆ ಬರೀ ಹೆಂಗಸರು ಅಂತ ನೋಡಿ, ಪರದೆ ಕಟ್ಟಿದ ಮೂಲೆಯಲ್ಲಿ ಕೈತೊಳೆಯುವ ತೊಟ್ಟಿಯ ಪಕ್ಕ ಕೂಡ್ರಿಸಿದರು. ಗೋಬಿ ಮಂಚೂರಿ ಬಂತು, ಕುಂಕುಮದ ಭರಣಿಯಲ್ಲಿ ಅದ್ದಿದಷ್ಟು ಕೆಂಪು. ಮೊದಲಾಗಿದ್ದರೆ ಸುಮ್ಮನೆ ತಿಂದು ಬರುತ್ತಿದ್ದೆವು. ಅಂಗಡಿ ಮನೆಯಾಕೆ ಎದ್ದು ಗಲ್ಲೆಯ ಹತ್ತಿರ ಹೋಗಿ, "ನಮಗ ಮುಂದಿನ ಟೇಬಲ್ ಕೊಡ್ರಿ, ಇದನ್ನ ವಾಪಸ್ ತಗೊಳ್ರಿ," ಅಂದಳು, ದನಿ ಏರಿಸದೆ. ಕೊಟ್ಟರು, ತಗೊಂಡರು. ಅಷ್ಟೇ ನೋಡಿ! ಇಷ್ಟು ವರ್ಷ ನಾವು ಹೆದರಿದ್ದು ಯಾವುದಕ್ಕೆ ಅಂತ ದಾರಿಯುದ್ದಕ್ಕೂ ಮಾತಾಡಿದೆವು.

ಮೂರನೆಯ ಪಾಳಿ ಕುಷ್ಟಗಿ. ವಿಜಯಪುರ-ಹೊಸಪೇಟೆ ಹೆದ್ದಾರಿ ಅಲ್ಲೇ ಹಾಯುತ್ತದೆ, ತಿನ್ನುವ ಜಾಗಗಳಿಗೇನೂ ಕಡಿಮೆ ಇಲ್ಲ. ನಾವು ಹುಡುಕಿದ್ದು ಊರೊಳಗಿನ ಒಂದು ಹೊಸ ಖಾನಾವಳಿ. ಎಣ್ಣೆಗಾಯಿ, ಜುಣಕ, ಶೇಂಗಾ ಚಟ್ನಿ, ಮೊಸರು. ಒಳಗಿಂದ ಟಪ್ ಟಪ್ ಅಂತ ರೊಟ್ಟಿ ಬಡಿಯುವ ಸದ್ದು. ಹಂಚಿನಿಂದ ತೆಗೆದ ಜೋಳದ ರೊಟ್ಟಿ ಉಬ್ಬಿದ್ದು ಉಬ್ಬಿದಂತೆಯೇ ತಟ್ಟೆಗೆ ಬಂತು. ಹೊಲಿಗೆಯಾಕೆ ಮುರಿದಳು, ಹಬೆ ಎದ್ದಿತು. ಒಂದು ತುತ್ತು ತಿಂದು ಕೈ ನಿಲ್ಲಿಸಿದಳು.

"ಅಕ್ಕ, ನಂಗ ಗೊತ್ತಾತು. ನಂಗ ಬಿಸಿ ರೊಟ್ಟಿ ಸೇರತೈತಿ."

ದಿನಾ ಇಪ್ಪತ್ತು ರೊಟ್ಟಿ ಬಡಿಯುವ ಹೆಂಗಸು ಗೆಳತಿಯರೇ! ಎಲ್ಲರಿಗೂ ಬಿಸಿ ಹಾಕಿ, ಕಡೆಗೆ ಬುಟ್ಟಿಯ ತಳದ ಆರಿದ ರೊಟ್ಟಿ ತಿಂದವಳು. ನಮ್ಮಲ್ಲಿ ಎಷ್ಟು ಜನ ಹಾಗಿಲ್ಲ, ಕೈ ಎತ್ತಿ ನೋಡೋಣ.

ದುಡ್ಡು ಕೊಟ್ಟು ಹೊರಡುವಾಗ ದೊಡ್ಡಕ್ಕ ಒಳಗೆ ಇಣುಕಿ ರೊಟ್ಟಿ ಬಡಿಯುವಾಕೆಯನ್ನು ಕೇಳಿದಳು, "ನಿಮ್ಮ ಊಟ ಆತೇನವಾ?" ಆಕೆ ಹಣೆಯ ಬೆವರೊರೆಸಿ, "ಎಲ್ಲಾರದೂ ಆದಮ್ಯಾಲ್ರೀ," ಅಂದಳು. ನಮ್ಮ ಬಿಸಿ ರೊಟ್ಟಿಯ ಹಿಂದೆಯೂ ಆರಿದ ರೊಟ್ಟಿಯ ಒಬ್ಬಳು ಇದ್ದಳು. ಆ ಮಾತಿಗೆ ನಮ್ಮ ಹತ್ತಿರ ಉತ್ತರವಿರಲಿಲ್ಲ. ಈಗ ಖಾನಾವಳಿಗೆ ಹೋದರೆ ಗದ್ದಲದ ಹೊತ್ತು ಬಿಟ್ಟು ಹನ್ನೆರಡಕ್ಕೇ ಹೋಗುತ್ತೇವೆ, ಒಳಗಿನಾಕೆಗೆ ಊಟ ಚೆನ್ನಾಗಿತ್ತು ಅಂತ ಹೇಳದೆ ಬರುವುದಿಲ್ಲ. ಮತ್ತು ಮನೆಯಲ್ಲಿ ಹೊಲಿಗೆಯಾಕೆ ಮೊದಲ ಎರಡು ರೊಟ್ಟಿ ತನಗೆ ತೆಗೆದಿಟ್ಟು, ಒಲೆಯ ಮುಂದೆ ಕೂತೇ ತಿಂದು, ಆಮೇಲೆ ಉಳಿದವರಿಗೆ ಬಡಿಯುತ್ತಾಳೆ. ಮೊದಲ ವಾರ ಗಂಡ ಕಣ್ಣು ಕೆಂಪು ಮಾಡಿದರಂತೆ. ಈಗ ಅವರೇ ಚಟ್ನಿ ಡಬ್ಬಿ ಮುಂದೆ ಸರಿಸುತ್ತಾರಂತೆ.

ನಮ್ಮ ಅತ್ತೆಯವರ ಮಾತು ಹೇಳಲೇಬೇಕು. "ಮಂದಿ ಏನಂದಾರು?" ಅಂತ ಮೂರು ತಿಂಗಳು ಗೊಣಗಿದರು. ನಾಲ್ಕನೆಯ ತಿಂಗಳು ಯಲಬುರ್ಗಾಕ್ಕೆ ಹೊರಟಾಗ ಮೆಲ್ಲಗೆ ಕೇಳಿದರು, "ಅಲ್ಲೆ ಮಿರ್ಚಿ ಮೆತ್ತಗಿರತಾವೇನ? ನನಗ ಹಲ್ಲಿಲ್ಲ ನೋಡು." ಅವರ ಪಾಲಿನ 150 ರೂಪಾಯಿ ತಾವೇ ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟರು. ಮಂಡಾಳ ಒಗ್ಗರಣಿ, ಮಿರ್ಚಿ, ಮೇಲೆ ಚಹಾ. ಬಸ್ಸಿನಲ್ಲಿ ಬರುವಾಗ, "ಮುಂದಿನ ತಿಂಗಳು ಎಲ್ಲೆ?" ಅಂತ ಮೊದಲು ಕೇಳಿದವರೂ ಅವರೇ.

ಹೊರಡುವ ಗೆಳತಿಯರಿಗೆ ಕೆಲವು ಕಿವಿಮಾತು. ಕೂಡುವ ಮೊದಲು ಕೈತೊಳೆಯುವ ಜಾಗ ನೋಡಿ, ಅಡುಗೆಮನೆ ಹೇಗಿದೆ ಅನ್ನುವುದನ್ನು ಅದೇ ಹೇಳುತ್ತದೆ. ಆಹಾರ ಇಲಾಖೆಯ 14 ಅಂಕಿಯ ಲೈಸೆನ್ಸ್ ನಂಬರು ಗೋಡೆಯ ಮೇಲಿರಬೇಕು. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರಕಾರ 2024ರ ಮಾರ್ಚಿನಲ್ಲೇ ನಿಷೇಧಿಸಿದೆ, ಅತಿ ಕೆಂಪಿದ್ದರೆ ಬೇಡ ಅನ್ನಿ. ದರ ಕೇಳಿಯೇ ಹೇಳಿ, ಬಿಲ್ಲು ಕೇಳಿ ಪಡೆಯಿರಿ, ಅದರಲ್ಲಿ ನಾಚಿಕೆಯೇನಿಲ್ಲ. ಕಡೆಯ ಬಸ್ಸಿನ ಹೊತ್ತು ತಿಳಿದುಕೊಂಡೇ ಹೊರಡಿ. ಆಧಾರ್ ಕಾರ್ಡು ಮರೆಯಬೇಡಿ.

ಇನ್ನು ಈ ಸಲದ ಅಡುಗೆ, ದೊಡ್ಡಕ್ಕನ ಪುಂಡಿಪಲ್ಲೆ. ಬಿಡಿಸಿ ತೊಳೆದ ಪುಂಡಿ ಸೊಪ್ಪು ಎರಡು ಸೂಡು, ತೊಗರಿ ಬೇಳೆ ಅರ್ಧ ಬಟ್ಟಲು, ಜೋಳದ ನುಚ್ಚು ಕಾಲು ಬಟ್ಟಲು, ಹಸಿಮೆಣಸಿನಕಾಯಿ ಎಂಟು, ಬೆಳ್ಳುಳ್ಳಿ ಒಂದು ಗಡ್ಡೆ. ಸೊಪ್ಪನ್ನು ಒಂದು ಕುದಿ ಕುದಿಸಿ, ಹುಳಿ ಹೆಚ್ಚೆನಿಸಿದರೆ ಆ ನೀರು ಬಸಿಯಿರಿ. ಬೇಳೆ, ನುಚ್ಚು, ಮೆಣಸಿನಕಾಯಿ ಸೇರಿಸಿ ಬೇಕಾದಷ್ಟು ನೀರು ಹಾಕಿ ಮೆತ್ತಗೆ ಬೇಯಿಸಿ, ಉಪ್ಪು ಹಾಕಿ ಕಡಗೋಲಿನಿಂದ ಮಸೆಯಿರಿ. ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ ಕೆಂಪಗಾಗುವಂತೆ ಒಗ್ಗರಣೆ ಕೊಡಿ. ಬಿಸಿ ರೊಟ್ಟಿಯ ಜೊತೆ ಬಲು ರುಚಿ. ಆ ಮೊದಲ ರೊಟ್ಟಿ ನಿಮ್ಮದಾಗಲಿ.

ನಿಮಗೆ ಏನು ಸೇರುತ್ತದೆ ಗೆಳತಿಯರೇ? ಮನೆಯವರಿಗಲ್ಲ, ನಿಮಗೆ. ಯೋಚಿಸಿ ಒಂದು ಕಾಗದ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.