ಮಿದುಳಿನ ದಾನ

ಮಿಶ್ರಿಕೋಟಿಯಂತಹ ಊರಿನಲ್ಲಿ ಜೋಳದ ಸುಗ್ಗಿಯ ವೇಳೆ ಕುಡುಗೋಲು ತಾಗಿ ಒಬ್ಬನ ಕೈಯ ನರ ತುಂಡಾಯಿತೆನ್ನೋಣ. ವೈದ್ಯರು ತುದಿಗಳನ್ನು ಕೂಡಿಸಿ ಹೊಲಿದರೆ ನರತಂತು ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಮರಳಿ ಬೆಳೆಯುತ್ತದೆ. ಮರದಿಂದ ಬಿದ್ದು ಬೆನ್ನುಹುರಿ ಕಡಿದವನಿಗೆ ಈ ಭಾಗ್ಯವಿಲ್ಲ. ಬೆನ್ನುಹುರಿ ಹಾಗೂ ಮಿದುಳಿನಲ್ಲಿ ಸುತ್ತಲಿನ ಜೀವಕೋಶಗಳೇ ತಂತುಗಳ ಮರುಚಿಗುರಿಗೆ ಅಡ್ಡಿಯಾಗುತ್ತವೆ. ಇದು ಬಹುಮಟ್ಟಿಗೆ ಇಲಿಗಳ ಮೇಲಿನ ಪ್ರಯೋಗಗಳಿಂದ ತಿಳಿದದ್ದು. ಇಲಿಯ ಮಿದುಳಾದರೋ ಮನುಷ್ಯನ ಮಿದುಳಲ್ಲ.

ಮನುಷ್ಯರ ಮಿದುಳನ್ನೇ ಅಭ್ಯಸಿಸಲು ಅನುವಾಗುವಂತೆ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನರರೋಗಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಸ್. ಕೆ. ಶಂಕರ್ ಅವರ ನೇತೃತ್ವದಲ್ಲಿ 1995ರಲ್ಲಿ ಮಿದುಳು ಭಂಡಾರವೊಂದು ಆರಂಭವಾಯಿತು. ಮೃತರ ಬಂಧುಗಳ ಒಪ್ಪಿಗೆ ಪಡೆದು ತೆಗೆದ ಮಿದುಳುಗಳನ್ನು ಅತಿಶೈತ್ಯದಲ್ಲಿ ಕಾಪಿಟ್ಟು ಸಂಶೋಧಕರಿಗೆ ಒದಗಿಸುವುದು ಅದರ ಕಾರ್ಯ. ಉಪಕರಣಗಳನ್ನು ಹಣದಿಂದ ಕೊಳ್ಳಬಹುದು. ಈ ಒಪ್ಪಿಗೆಯನ್ನು ಕೊಳ್ಳಲಾಗದು.

ನೇತ್ರದಾನವನ್ನು ಮೆಚ್ಚುವ ನಮ್ಮ ಜನ ಮಿದುಳೆಂದರೆ ಹಿಂಜರಿಯುತ್ತಾರೆ. ಮಿದುಳನ್ನು ತೆಗೆದ ಬಳಿಕವೂ ದೇಹವನ್ನು ಅಂತ್ಯಸಂಸ್ಕಾರಕ್ಕಾಗಿ ಮನೆಯವರಿಗೆ ಒಪ್ಪಿಸುತ್ತಾರೆಂಬುದು ಅನೇಕರಿಗೆ ತಿಳಿಯದು. ಶೋಕದಲ್ಲಿರುವವರನ್ನು ಇಂತಹ ಮಾತು ಕೇಳುವುದು ನಿಷ್ಠುರವೆಂದು ಕೆಲವರು ಆಕ್ಷೇಪಿಸುತ್ತಾರೆ. ಆಕ್ಷೇಪ ಸುಳ್ಳಲ್ಲ. ಮಿದುಳನ್ನು ಮರಣಾನಂತರ ಕೆಲವೇ ಗಂಟೆಗಳಲ್ಲಿ ತೆಗೆಯಬೇಕು; ಆಗ ಯೋಚಿಸಲು ಬಿಡುವೆಲ್ಲಿ? ಆದುದರಿಂದಲೇ ಈ ಮಾತನ್ನು ಎಲ್ಲರೂ ಆರೋಗ್ಯವಾಗಿರುವಾಗ, ಊಟ ಮುಗಿಸಿ ಮನೆಯ ಕಟ್ಟೆಯ ಮೇಲೆ ಕುಳಿತ ಹೊತ್ತಿನಲ್ಲಿ, ಹಿರಿಯರೂ ಕಿರಿಯರೂ ಕೂಡಿ ಆಡಬೇಕೆಂದು ನಾನು ಹೇಳುತ್ತೇನೆ.