ಫೋಟೋ ನೋಡಿ ಪರಾವಲಂಬಿ ಕಣಜದ ಹೆಸರು ಹೇಳಬಹುದೇ?

ಹುಲ್ಲಿನ ಗರಿಯ ಮೇಲೆ ಚುಕ್ಕೆಯಂಥ ಹುಳು, ಕೆಳಗೊಂದು ಉದ್ದನೆಯ ಲ್ಯಾಟಿನ್ ಹೆಸರು, ಜೊತೆಗೆ ‘ಮೈಯೊಳಗೆ ಮೊಟ್ಟೆ ಇಡುತ್ತದೆ, ಎಚ್ಚರ!’ ಎಂಬ ಸಾಲು. ಇಂಥ ಫಾರ್ವರ್ಡ್‌ನಲ್ಲಿ ಅರ್ಧ ಮಾತ್ರ ನಿಜ. ಪರಾವಲಂಬಿ ಕಣಜಗಳು ಮೊಟ್ಟೆ ಇಡುವುದು ಬೇರೆ ಕೀಟಗಳ ಮೊಟ್ಟೆ, ಮರಿಹುಳುಗಳಲ್ಲಿ. ಮನುಷ್ಯರ ಮೈಯಲ್ಲಿ ಅಲ್ಲ. ನಮ್ಮ ತಕರಾರು ಆ ಹೆಸರಿನ ಬಗ್ಗೆ.

ಟ್ರೈಕೋಗ್ರಾಮಾ ಕಣಜವನ್ನೇ ತೆಗೆದುಕೊಳ್ಳಿ. ಉದ್ದ ಸುಮಾರು ಅರ್ಧ ಮಿಲಿಮೀಟರ್. ಒಂದು ರಾಗಿ ಕಾಳಿನ ಮೇಲೆ ಎರಡು ಆರಾಮವಾಗಿ ಕೂರಬಹುದು. ಹುಲ್ಲುಗಾವಲಿನಲ್ಲಿ ಇಂಥವನ್ನು ಬಟ್ಟೆಯ ಬಲೆ ಬೀಸಿ, ಇಲ್ಲವೇ ಸೋಪಿನ ನೀರು ತುಂಬಿದ ಹಳದಿ ತಟ್ಟೆ ಇಟ್ಟು ಹಿಡಿಯುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಪಾದಕ್ಕೆ ಮೂರೇ ಗೆಣ್ಣು ಕಂಡರೆ ಕುಟುಂಬ ಯಾವುದೆಂದು ತಿಳಿಯುತ್ತದೆ. ಪ್ರಭೇದ ತಿಳಿಯುವುದಿಲ್ಲ. ಬಣ್ಣವನ್ನಂತೂ ನಂಬುವಂತಿಲ್ಲ, ಬೆಳೆಯುವಾಗಿನ ತಾಪಮಾನಕ್ಕೆ ತಕ್ಕಂತೆ ಅದೂ ಬದಲಾಗುತ್ತದೆ.

ಈ ಗೊಂದಲ ಬಿಡಿಸಿದವರಲ್ಲಿ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ ಮುಖ್ಯರು. ಪ್ರಭೇದಗಳನ್ನು ಬೇರ್ಪಡಿಸಲು ಗಂಡಿನ ಜನನಾಂಗದ ಆಕಾರವೇ ನಂಬಲರ್ಹ ಗುರುತು ಎಂದು ಅವರ 1971ರ ಪ್ರಬಂಧ ತೋರಿಸಿತು. ಕಬ್ಬಿನ ಕೊರಕಗಳ ವಿರುದ್ಧ ನಮ್ಮ ರೈತರು ಬಳಸುವ ಟ್ರೈಕೋ ಕಾರ್ಡಿನಲ್ಲಿರುವ ಕಿಲೋನಿಸ್ ಪ್ರಭೇದ ಹಿಂದೆ ಭಾರತದಲ್ಲಿ ಆಸ್ಟ್ರಾಲಿಕಮ್ ಎಂಬ ತಪ್ಪು ಹೆಸರಿನಲ್ಲಿ ಓಡಾಡುತ್ತಿತ್ತು!

ಹೆಸರು ತಪ್ಪಿದರೆ ನಷ್ಟವೇನು? ಕಬ್ಬಿಗೆ ಕಿಲೋನಿಸ್, ಭತ್ತದ ಹಳದಿ ಕಾಂಡಕೊರಕಕ್ಕೆ ಜಪಾನಿಕಮ್. ಅದಲುಬದಲಾದರೆ ಕಾರ್ಡಿನ ದುಡ್ಡು ಹೋಗುತ್ತದೆ, ಕೊರಕ ಉಳಿಯುತ್ತದೆ, ರೈತ ಮತ್ತೆ ವಿಷದ ಡಬ್ಬಿಗೆ ಕೈ ಹಾಕುತ್ತಾನೆ.

ಇನ್ನೊಂದು ತೊಡಕಿದೆ, ನಮಗೆ ಬಲು ಇಷ್ಟವಾದದ್ದು. ಕೆಲವು ಗುಂಪುಗಳಲ್ಲಿ ಗಂಡೇ ಇರುವುದಿಲ್ಲ. ವೋಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಹೊಕ್ಕ ಹೆಣ್ಣು, ಗಂಡಿನ ನೆರವಿಲ್ಲದೆ ಹೆಣ್ಣುಗಳನ್ನೇ ಹುಟ್ಟಿಸುತ್ತದೆ. ಆ್ಯಂಟಿಬಯಾಟಿಕ್ ತಿನ್ನಿಸಿದರೆ ಮತ್ತೆ ಗಂಡುಗಳು ಹುಟ್ಟುತ್ತವೆ. ಅಷ್ಟು ಪಾಡು ಬೇಡವೆಂದರೆ ಡಿಎನ್‌ಎ ಹೋಲಿಸಬೇಕು. ಹೋಲಿಸಲು, ಸರಿಯಾಗಿ ಹೆಸರಿಟ್ಟ ಮಾದರಿ ಮೊದಲೇ ಇರಬೇಕು!

ನಿಮಗೂ ಇಂಥ ಕಣಜ ಸಿಕ್ಕರೆ ಫೋಟೋ ತೆಗೆಯಿರಿ, ಬೇಡವೆನ್ನುವುದಿಲ್ಲ. ಜೊತೆಗೆ ಜಾಗ, ದಿನಾಂಕ, ಯಾವ ಗಿಡ, ಯಾವ ಕೀಟದ ಮೊಟ್ಟೆಯಿಂದ ಹೊರಬಂತು ಎಂಬುದನ್ನು ಬರೆದಿಡಿ. ಹುಳುವನ್ನು ಆಲ್ಕೋಹಾಲ್‌ನಲ್ಲಿ ಹಾಕಿಡಿ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಬ್ಯೂರೋದಲ್ಲಿ ಇಂಥ ಕಣಜಗಳನ್ನು ಗುರುತಿಸಬಲ್ಲ ತಜ್ಞರಿದ್ದಾರೆ.