ತುಂಬಿದ ಮೈಯೊಳಗಿನ ಕೊರತೆ



ಮೊನ್ನೆ ಅಕ್ಕೋಳದಲ್ಲಿ ತಾಯಿಯೊಬ್ಬರು ಕೇಳಿದರು: "ಶಾಸ್ತ್ರಿಗಳ, ನಮ್ಮ ಸೊಸಿ ತೂಕ ಇಳಸೂ ಆಪರೇಷನ್ನಿಗೆ ಹೋದರ, ಮೊದಲ ರಕ್ತ ಕಡಿಮಿ ಐತಿ ಅಂದಾರ. ಇಷ್ಟು ಮೈ ಇದ್ದಾಕಿಗೆ ಕೊರತಿ ಹೆಂಗರೀ?" ಇದರ ಉತ್ತರವನ್ನು ಎಲ್ಲ ಮನೆಯವರೂ ಅರಿಯತಕ್ಕದ್ದು.

ಸ್ಥೂಲತೆಯು ಪುಷ್ಟಿಯ ಲಕ್ಷಣವಲ್ಲ. ಸಕ್ಕರೆ, ಎಣ್ಣೆಗಳಿಂದ ಕೊಬ್ಬು ಬೆಳೆಯುವುದೇ ಹೊರತು ಕಬ್ಬಿಣ ದೊರೆಯದು. ಡಿ ಜೀವಸತ್ವವಂತೂ ಕೊಬ್ಬಿನಲ್ಲಿಯೇ ಅಡಗಿ ರಕ್ತದಲ್ಲಿ ಕಡಿಮೆಯಾಗುವುದುಂಟು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ೧೫ರಿಂದ ೪೯ ವಯಸ್ಸಿನ ಸ್ತ್ರೀಯರಲ್ಲಿ ಶೇಕಡಾ ೩೦ರಷ್ಟು ಅತಿತೂಕದವರು. ಶೇಕಡಾ ೪೮ರಷ್ಟು ರಕ್ತಹೀನತೆಯುಳ್ಳವರು. ಎರಡೂ ಒಂದೇ ದೇಹದಲ್ಲಿ ಕೂಡಿರಬಹುದು. ಶಾಕಾಹಾರಿಗಳಾದ ನಮಗೆ ಇನ್ನೊಂದು ಎಚ್ಚರಿಕೆ: ಬಿ–೧೨ ಜೀವಸತ್ವವು ರೊಟ್ಟಿ, ಕಾಳು, ಪಲ್ಯಗಳಲ್ಲಿಲ್ಲ, ಹಾಲು ಮೊಸರುಗಳಲ್ಲಿ ಮಾತ್ರ ಕೊಂಚ ದೊರೆಯುವುದು. ಆದುದರಿಂದ ಶಸ್ತ್ರಕ್ರಿಯೆಗೆ ಮುನ್ನವೇ ರಕ್ತಪರೀಕ್ಷೆ ಮಾಡಿಸಿ ಕೊರತೆಯನ್ನು ತುಂಬಿಕೊಳ್ಳಬೇಕು.

ಶಸ್ತ್ರಕ್ರಿಯೆಯ ಒಂದು ವಿಧಾನದಲ್ಲಿ ಜಠರದ ಬಹುಭಾಗವನ್ನು ತೆಗೆಯುವರು. ಇನ್ನೊಂದರಲ್ಲಿ ಜಠರವನ್ನು ಕಿರಿದುಗೊಳಿಸಿ, ಆಹಾರವು ಸಣ್ಣ ಕರುಳಿನ ಮೊದಲ ಭಾಗವನ್ನು ಬಿಟ್ಟು ಸಾಗುವಂತೆ ಮಾಡುವರು. ಬಿ–೧೨ ಮೈಗೂಡಲು ಜಠರದ ರಸ ಬೇಕು. ಕಬ್ಬಿಣ, ಸುಣ್ಣದ ಅಂಶಗಳು ಹೆಚ್ಚಾಗಿ ಹೀರಲ್ಪಡುವುದು ಕರುಳಿನ ಆ ಮೊದಲ ಭಾಗದಲ್ಲಿಯೇ. ಆದ್ದರಿಂದ ವೈದ್ಯರು ಹೇಳಿದ ಗುಳಿಗೆಗಳು ಜೀವನಪರ್ಯಂತ ಅವಶ್ಯ. ಕಬ್ಬಿಣದ ಗುಳಿಗೆಗೂ ಸುಣ್ಣದ ಗುಳಿಗೆಗೂ ಎರಡು ತಾಸಿನ ಅಂತರವಿರಲಿ. ಕಬ್ಬಿಣದ ಗುಳಿಗೆಯನ್ನು ಚಹದೊಡನೆ ನುಂಗಬಾರದು.

ಅನೇಕರು ತಪ್ಪುವುದು ಇಲ್ಲಿಯೇ. ತೂಕ ಇಳಿಯಿತು, ಮೈ ಹಗುರಾಯಿತು, ಇನ್ನೇತಕ್ಕೆ ಗುಳಿಗೆ ಎಂದು ಬಿಡುವರು. ಯಕೃತ್ತಿನಲ್ಲಿ ಕೂಡಿಟ್ಟ ಬಿ–೧೨ ಕೆಲವು ವರ್ಷ ಕೊರತೆಯನ್ನು ಮರೆಮಾಡೀತು. ಅದು ಬರಿದಾದ ಮೇಲೆ ಕೈಕಾಲು ಜೋಮು ಹಿಡಿಯುವುದು, ನಡಿಗೆ ತಪ್ಪುವುದು, ಮರೆವು ಬರುವುದು. ತಡವಾದರೆ ನರಗಳಿಗಾದ ಹಾನಿ ಪೂರ್ಣ ವಾಸಿಯಾಗದೆಯೂ ಉಳಿಯಬಹುದು. ಶಸ್ತ್ರಕ್ರಿಯೆಯ ಬಳಿಕ ಪದೇ ಪದೇ ವಾಂತಿಯಾದರೆ ಬಿ–೧ ಜೀವಸತ್ವವು ಕೆಲವೇ ವಾರಗಳಲ್ಲಿ ಬತ್ತಿ ಮಿದುಳಿಗೆ ಅಪಾಯವುಂಟು. ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ, ಶಸ್ತ್ರಕ್ರಿಯೆಯಾದ ಸಂಗತಿಯನ್ನು ವೈದ್ಯರಿಗೆ ತಿಳಿಸಿರಿ. ಮೊದಲ ವರ್ಷ ಕೆಲವು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ರಕ್ತಪರೀಕ್ಷೆ ತಪ್ಪಬಾರದು. ಗರ್ಭಧಾರಣೆಯನ್ನು ಒಂದರಿಂದ ಒಂದೂವರೆ ವರ್ಷ ಮುಂದೂಡುವುದು ಲೇಸು.

ಮನೆಯ ಹಿರಿಯರಲ್ಲಿ ಒಂದು ವಿನಂತಿ. ಜಾತ್ರೆಯ ಪಂಕ್ತಿಯಲ್ಲಿ "ಇನ್ನೊಂದು ಹೋಳಿಗೆ" ಎಂದು ಒತ್ತಾಯಿಸುವುದು ನಮ್ಮ ಅಂತಃಕರಣದ ರೀತಿ. ಆದರೆ ಇಂಥವರಿಗೆ ಬೇಕಾದುದು ಕಿರಿದಾದ ತುತ್ತು, ನಿಧಾನದ ಊಟ. "ದಿನಾ ಗುಳಿಗೆ ನುಂಗತಾಳ" ಎಂದು ಸೊಸೆಯನ್ನು ಹಂಗಿಸಬೇಡಿರಿ, "ಇವತ್ತಿನ ಗುಳಿಗಿ ತಗೊಂಡಿಯೇನವ್ವಾ?" ಎಂದು ಕೇಳಿರಿ. ಆ ತಾಯಿಗೂ ನಾನು ಹೇಳಿದ್ದು ಇದನ್ನೇ.